ಗಾಳಿ ಸೋಸುವ ಪೆಟ್ಟಿಗೆ

ದಿನ ತುಂಬುವ ಮೊದಲೇ ಹುಟ್ಟಿ, ಶ್ವಾಸಕೋಶ ಇನ್ನೂ ಬಲಿಯದ ಕೂಸನ್ನು ಮನೆಗೆ ಕಳಿಸುವಾಗ ವೈದ್ಯರು ಕೆಲವೊಮ್ಮೆ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬರೆದುಕೊಡುತ್ತಾರೆ. ಈ ಪೆಟ್ಟಿಗೆಯ ಜಾಣ್ಮೆ ಮೆಚ್ಚುವಂಥದ್ದು. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21 ಮಾತ್ರ; ಒಳಗಿನ ಜಿಯೋಲೈಟ್ ಹರಳುಗಳು ಸಾರಜನಕವನ್ನು ಹಿಡಿದಿಟ್ಟು, ಸುಮಾರು ಶೇ. 93ರಷ್ಟು ಶುದ್ಧವಾದ ಆಮ್ಲಜನಕವನ್ನು ಹೊರಬಿಡುತ್ತವೆ. ಸಿಲಿಂಡರಿನಂತೆ ಖಾಲಿಯಾಗುವ ಭಯವಿಲ್ಲ. ಕರೆಂಟು ಮಾತ್ರ ಬೇಕು. ಹಾಗಾಗಿ ಊರು ಚಿಂತಾಮಣಿಯಾಗಲಿ, ಗೌರಿಬಿದನೂರಾಗಲಿ, ಕರೆಂಟು ಹೋದಾಗ ಬಳಸಲು ತುಂಬಿದ ಸಿಲಿಂಡರೊಂದು ಪಕ್ಕದಲ್ಲಿರಲೇಬೇಕು. ಕೂಸಿಗೆ ಹಲವು ಸಲ ನಿಮಿಷಕ್ಕೆ ಅರ್ಧ ಲೀಟರೂ ಬೇಕಿಲ್ಲ; ಅದಕ್ಕೆಂದೇ ಸಣ್ಣ ಅಳತೆಯ ಫ್ಲೋಮೀಟರ್, ಮೂಗಿಗೆ ಮೆತ್ತನೆಯ ನಳಿಕೆ, ಪಾದಕ್ಕೆ ಪಲ್ಸ್ ಆಕ್ಸಿಮೀಟರ್. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳವರೇ, ಒಲೆ, ಊದುಬತ್ತಿ, ಬೀಡಿ ಈ ಪೆಟ್ಟಿಗೆಯ ಹತ್ತಿರ ಸುಳಿಯದಿರಲಿ. ವೈದ್ಯರು ಹೇಳದೆ ಅಳತೆಯನ್ನು ಹೆಚ್ಚುಕಡಿಮೆ ಮಾಡಬೇಡಿ.