ಮುತ್ತಿಗೆಯೊಳಗಿನ ಹೆಂಗಸರು ಎಲ್ಲಿ?

ಕನ್ನಡದ ಐತಿಹಾಸಿಕ ಕಾದಂಬರಿಯಲ್ಲಿ ಕೋಟೆಗೆ ಮುತ್ತಿಗೆ ಬಿದ್ದರೆ ಹೆಣ್ಣಿಗೆ ಉಳಿಯುವ ಪಾತ್ರ ಎರಡೇ. ಒಂದೋ ಆಕೆ ಕತ್ತಿ ಹಿರಿಯಬೇಕು, ಇಲ್ಲವೇ ಕೋಟೆಯ ಅಳಿವು ಉಳಿವು ಆಕೆಯ ಶೀಲದ ಮೇಲೆ ನಿಲ್ಲಬೇಕು. ಗಳಗನಾಥರಿಂದ ತ.ರಾ.ಸು. ಅವರ ತನಕ ಬೆಳೆದ ಪರಂಪರೆ ದೊಡ್ಡದು; ಅದರ ಈ ಕೊರತೆಯೂ ಸಣ್ಣದೇನಲ್ಲ.

ಗಳಗನಾಥರ (1869–1942) ಋಣವನ್ನು ಮೊದಲು ನೆನೆಯಬೇಕು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯನ್ನು ‘ಕನ್ನಡಿಗರ ಕರ್ಮಕಥೆ’ಯಾಗಿ ಒಗ್ಗಿಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ದರ್ಬಾರು ನಡೆದಿದ್ದ ಮುಂಬಯಿ ಕರ್ನಾಟಕಕ್ಕೆ ಕನ್ನಡ ಓದುವ ರುಚಿ ಹತ್ತಿಸಿದವರಲ್ಲಿ ಅವರು ಮುಂಚಿನವರು. ಆದರೆ ನಾಡಿನ ಅಭಿಮಾನ ಬಡಿದೆಬ್ಬಿಸಲು ಹೊರಟ ಬರವಣಿಗೆಗೆ ಆದರ್ಶ ನಾರಿ ಬೇಕಿದ್ದಳು. ಹಸಿದ ಹೆಂಗಸಿಗೆ ಅಲ್ಲಿ ಜಾಗವಿರಲಿಲ್ಲ.

ಮಾಸ್ತಿಯವರ ‘ಚೆನ್ನಬಸವನಾಯಕ’ (1949) ಇನ್ನೊಂದು ದಾರಿ ಹಿಡಿಯಿತು. 1763ರಲ್ಲಿ ಹೈದರಾಲಿಯ ಕೈಸೇರಿದ ಬಿದನೂರಿನ ರಾಣಿ ವೀರಮ್ಮಾಜಿ ಅಲ್ಲಿ ಬೊಂಬೆಯಲ್ಲ, ರಕ್ತಮಾಂಸದ ಹೆಣ್ಣು. ಆದರೂ ರಾಜ್ಯ ಮುಳುಗಿದ ಹೊರೆಯಲ್ಲಿ ದೊಡ್ಡ ಪಾಲು ಆಕೆಯ ಖಾಸಗಿ ನಡತೆಯ ತಲೆಗೇ ಬರುತ್ತದೆ.

ಮುತ್ತಿಗೆಯನ್ನು ನಮ್ಮಲ್ಲಿ ಬಲ್ಲವರೆಂದರೆ ತ.ರಾ.ಸು. ‘ದುರ್ಗಾಸ್ತಮಾನ’ (1982) ಚಿತ್ರದುರ್ಗದ ಪತನವನ್ನು ಕಟ್ಟಿದ ಬಗೆಗೆ ಸಾಟಿಯಿಲ್ಲ. ಅದೇ ದುರ್ಗದ ಓಬವ್ವನ ಕಥೆಯನ್ನೇ ನೋಡಿ. ಗಂಡ ಉಣ್ಣಲು ಕೂತಿದ್ದಾನೆ, ಆಕೆ ನೀರಿಗೆ ಹೋಗಿದ್ದಾಳೆ, ಕಿಂಡಿಯ ಸದ್ದು ಕೇಳುತ್ತದೆ. ಊಟ, ನೀರು ಎರಡರಿಂದಲೇ ಹುಟ್ಟಿದ ಕಥೆ ಇದು. 1972ರ ‘ನಾಗರಹಾವು’ ಸಿನಿಮಾದ ಮೇಲಂತೂ ನಮಗೆ ನೆನಪಿರುವುದು ಎತ್ತಿದ ಒನಕೆ ಮಾತ್ರ. ಅದೇ ಒನಕೆಯಿಂದ ದಿನಾ ಎಷ್ಟು ಬಾಯಿಗೆ ಕಾಳು ಕುಟ್ಟುತ್ತಿದ್ದರು ಎಂದು ಯಾರೂ ಕೇಳಲಿಲ್ಲ.

ಧಾರವಾಡ ಸೀಮೆಗೆ ಇದು ಹತ್ತಿರದ ಪ್ರಶ್ನೆ. 1678ರಲ್ಲಿ ಶಿವಾಜಿಯ ಸೇನೆ ಬೈಲಹೊಂಗಲ ಬಳಿಯ ಬೆಳವಡಿಯ ಗಢಿಯನ್ನು ಮುತ್ತಿತು. ಒಳಗಿದ್ದವಳು ದೇಸಾಯಿಣಿ ಮಲ್ಲಮ್ಮ; ಮರಾಠಿ ಬಖರು ಆಕೆಯನ್ನು ಸಾವಿತ್ರಿ ಎನ್ನುತ್ತದೆ. ಇಷ್ಟು ರಾಜ್ಯ ಗೆದ್ದವನಿಗೆ ಒಬ್ಬ ಹೆಣ್ಣು ದೇಸಾಯಿ ಮಣಿಯುತ್ತಿಲ್ಲವೆಂದು ರಾಜಾಪುರದ ಇಂಗ್ಲಿಷ್ ವರ್ತಕರು ಆಗಲೇ ಬೆರಗಿನಿಂದ ಬರೆದರು. ಧಾರವಾಡ ತಾಲ್ಲೂಕಿನ ಯಾದವಾಡದ ಹನುಮಂತದೇವರ ಗುಡಿಯ ಬಳಿ ಒಂದು ಕಲ್ಲಿದೆ. ಮೇಲೆ ಕುದುರೆ ಏರಿದ ಶಿವಾಜಿ. ಕೆಳಗೆ ಅವನ ತೊಡೆಯ ಮೇಲೆ ಮಲ್ಲಮ್ಮನ ಕೂಸು, ಕೈಯಲ್ಲಿ ಹಾಲಿನ ಬಟ್ಟಲು ಎಂದು ಊರವರು ಗುರುತಿಸುತ್ತಾರೆ. ಕಲ್ಲುಕುಟಿಗನಿಗೆ ಹೊಳೆದ ಆ ಹಾಲು ನಮ್ಮ ಕಾದಂಬರಿಕಾರರಿಗೆ ಹೊಳೆಯಲಿಲ್ಲ. ಮಲ್ಲಮ್ಮನ ಮೇಲೆ ಬಂದ ಬರಹದಲ್ಲೆಲ್ಲ ಕತ್ತಿಯ ಮಿಂಚೇ ಹೆಚ್ಚು.

ಮುತ್ತಿಗೆಯ ನಿಜವಾದ ಆಯುಧ ಕಾಯುವುದು. ಹೊರಗಿನವರು ನೀರು, ಕಾಳು, ಮೇವು ತಡೆದು ಕೂರುತ್ತಾರೆ. ಒಳಗಿನ ಲೆಕ್ಕ ಇಡಬೇಕಾದವರು ಹೆಂಗಸರು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯವರಿಗೆ ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ಗೊತ್ತು. ಕಿರಿದಾದ ಬಾಯಿ, ಒಳಗೆ ಹುಲ್ಲಿನ ಹಾಸು, ವರ್ಷಗಟ್ಟಲೆ ಕೆಡದ ಜೋಳ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರಷ್ಟೇ ಇಳಿಯುತ್ತಾರೆ. ಆ ಮುಗ್ಗು ವಾಸನೆಯ ಜೋಳದಲ್ಲಿ ರೊಟ್ಟಿ ಬಡಿಯುತ್ತ, ಇನ್ನೆಷ್ಟು ದಿನ ಬಂದೀತೆಂದು ಎಣಿಸುವ ಅವ್ವನೊಬ್ಬಳಿದ್ದರೆ ಕಾದಂಬರಿಗೆ ಬೇರೆ ನಾಯಕಿ ಬೇಡ.

ಯುದ್ಧದಿಂದ ಎದ್ದು ಬಂದವರ ನೆನಪೂ ಇಲ್ಲಿದೆ. ನವಲಗುಂದದ ಜಮಖಾನ ನೇಯುವ ಹೆಂಗಸರ ಹಿರಿಯರು ಆದಿಲ್‌ಶಾಹಿ ಕಾಲದ ಕಾಳಗದ ಗದ್ದಲದಲ್ಲಿ ವಿಜಯಪುರ ಬಿಟ್ಟು ಬಂದವರೆಂಬ ಮಾತಿದೆ. ಇಂದಿಗೂ ಅವರ ಮಗ್ಗದಲ್ಲಿ ನವಿಲು, ಪಗಡೆಯ ಪಟ ಮೂಡುತ್ತವೆ. ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿ ತೋಡುವಾಗ ಸಾಲಾಗಿ ಜೋಡಿಸಿದ್ದ ನೂರಾರು ತಲೆಬುರುಡೆ ಸಿಕ್ಕವು. ಅವರಿಗಾಗಿ ಅತ್ತವರು ಯಾರು ಎಂಬುದು ಕಾದಂಬರಿಕಾರನೇ ಕೇಳಬೇಕಾದ ಪ್ರಶ್ನೆ.

ಶೌರ್ಯದ ಕಥೆ ಬೇಡವೆಂದಲ್ಲ. ಕಿತ್ತೂರು ಚೆನ್ನಮ್ಮ 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಮುರಿದದ್ದನ್ನು ಹಾಡುತ್ತಲೇ ಇರೋಣ. ಆದರೆ ಆ ಡಿಸೆಂಬರಿನಲ್ಲಿ ಕೋಟೆ ಮತ್ತೆ ಮುತ್ತಲ್ಪಟ್ಟಾಗ ಒಳಗಿದ್ದ ಬಾಣಂತಿ, ನೀರು ಹೊರುವವಳು, ಬೀಸುವವಳು ಇನ್ನೂ ಯಾವ ಪುಟಕ್ಕೂ ಸರಿಯಾಗಿ ಬಂದಿಲ್ಲ. ಮುಂದಿನ ಕಾದಂಬರಿ ಬರೆಯುವವರು ಒಮ್ಮೆ ಹಗೇವಿನ ಲೆಕ್ಕ ಬಲ್ಲ ಅಜ್ಜಿಯಂದಿರನ್ನು ಮಾತಾಡಿಸಲಿ. ಆ ತಲೆಮಾರು ಬೇಗ ಬೇಗ ಮುಗಿಯುತ್ತಿದೆ.