ಬಣ್ಣ ಬಳಿದುಕೊಂಡ ನಗು

1968ರಲ್ಲಿ ಎರಡು ನಗೆಚಿತ್ರಗಳು ತೆರೆಕಂಡವು. ಹಾಲಿವುಡ್‌ನಲ್ಲಿ ಬ್ಲೇಕ್ ಎಡ್ವರ್ಡ್ಸ್ ನಿರ್ದೇಶನದ ‘ದ ಪಾರ್ಟಿ’, ಮುಂಬಯಿಯಲ್ಲಿ ಜ್ಯೋತಿ ಸ್ವರೂಪ್ ನಿರ್ದೇಶನದ ‘ಪಡೋಸನ್’. ಮೊದಲನೆಯದರಲ್ಲಿ ಇಂಗ್ಲಿಷ್ ನಟ ಪೀಟರ್ ಸೆಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಹೃಂಡಿ ವಿ. ಬಕ್ಷಿ ಎಂಬ ಭಾರತೀಯ ನಟನಾಗುತ್ತಾರೆ. ಎರಡನೆಯದರಲ್ಲಿ ಮೆಹಮೂದ್ ಜುಟ್ಟು ಕಟ್ಟಿ, ಪಂಚೆ ಉಟ್ಟು, ಮಾತಿಗೊಮ್ಮೆ ‘ಅಯ್ಯೋ’ ಎನ್ನುವ ‘ಮದ್ರಾಸಿ’ ಸಂಗೀತದ ಮೇಷ್ಟ್ರು ಪಿಳ್ಳೈ ಆಗುತ್ತಾರೆ. ಬಕ್ಷಿಯನ್ನು ನೋಡಿ ‘ಬಿಳಿಯರು ನಮ್ಮನ್ನು ಹೀಗಾ ಕಾಣೋದು’ ಎಂದು ಮುಖ ಗಂಟಿಕ್ಕುವ ಭಾರತೀಯರೇ ಪಿಳ್ಳೈಯನ್ನು ನೋಡಿ ಐವತ್ತು ವರ್ಷಗಳಿಂದ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ವಿಂಧ್ಯದಿಂದ ಕೆಳಗಿನವರೆಲ್ಲ ಮದ್ರಾಸಿಗಳೇ ಆದ್ದರಿಂದ ಆ ಪಿಳ್ಳೈಯಲ್ಲಿ ಕನ್ನಡಿಗರೂ ಸೇರಿದ್ದರು. ನಾವೂ ನಕ್ಕೆವು.

ಇಂಥ ಹಾಸ್ಯದ ಬಗ್ಗೆ ಜಗಳ ಎದ್ದಾಗಲೆಲ್ಲ ಕೇಳಿಬರುವ ಮಾತುಗಳು ಎರಡೇ. ‘ತಮಾಷೆಯನ್ನು ತಮಾಷೆಯಾಗಿ ತಗೊಳ್ಳಿ’ ಎನ್ನುವುದು ಒಂದು. ‘ನಮಗೆ ನೋವಾಯಿತು, ನಿಲ್ಲಿಸಿ’ ಎನ್ನುವುದು ಇನ್ನೊಂದು. ಎರಡೂ ಕಡೆಯವರು ಅಳೆಯಲು ಹೊರಟಿರುವುದು ನೋವನ್ನು. ನೋವಿಗೆ ತಕ್ಕಡಿ ಇಲ್ಲ. ಒಬ್ಬ ಸರ್ದಾರ್ಜಿ ತನ್ನ ಮೇಲಿನ ಜೋಕನ್ನು ತಾನೇ ಹೇಳಿ ನಗುತ್ತಾನೆ, ಇನ್ನೊಬ್ಬ ಅದೇ ಜೋಕಿಗೆ ಕೋರ್ಟಿಗೆ ಹೋಗುತ್ತಾನೆ. ಹಾಗಾಗಿ ಈ ಪರಂಪರೆಯನ್ನು ಅಳೆಯಲು ನಾನು ಬೇರೆಯದೇ ಪ್ರಶ್ನೆ ಕೇಳುತ್ತೇನೆ: ನಗೆಪಾಟಲಿಗೆ ಸಿಕ್ಕ ಆ ಜನಕ್ಕೆ ಅದೇ ರಂಗಸ್ಥಳದಲ್ಲಿ ಬೇರೆ ವೇಷ ಇದೆಯೇ?

ಈ ಪರಂಪರೆಯ ಬೇರು ಅಮೆರಿಕದ ಮಿನ್‌ಸ್ಟ್ರೆಲ್ ಪ್ರದರ್ಶನಗಳಲ್ಲಿದೆ. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಹರಕು ಬಟ್ಟೆ ತೊಟ್ಟು, ‘ಜಿಮ್ ಕ್ರೋ’ ಎಂಬ ಹೆಸರಿನ ಕಪ್ಪು ಮನುಷ್ಯನಾಗಿ ಕುಣಿದರು. 1843ರಲ್ಲಿ ನ್ಯೂಯಾರ್ಕ್‌ನಲ್ಲಿ ‘ವರ್ಜಿನಿಯಾ ಮಿನ್‌ಸ್ಟ್ರೆಲ್ಸ್’ ಎಂಬ ನಾಲ್ವರ ತಂಡ ಬ್ಯಾಂಜೋ, ಪಿಟೀಲು, ಟ್ಯಾಂಬೊರಿನ್, ಮೂಳೆಯ ತಾಳ ಹಿಡಿದು ಇಡೀ ಸಂಜೆಯ ಆಟವನ್ನೇ ಕಟ್ಟಿತು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಅಮೆರಿಕದ ಅತಿ ಜನಪ್ರಿಯ ಮನರಂಜನೆ ಇದೇ. ತೋಟಗಳಲ್ಲಿ ಗುಲಾಮರು ಚಾಟಿಯೇಟು ತಿನ್ನುತ್ತಿದ್ದ ಕಾಲದಲ್ಲಿ ಊರಿನ ರಂಗಮಂದಿರಗಳಲ್ಲಿ ಕಪ್ಪು ಮನುಷ್ಯ ಸೋಮಾರಿಯಾಗಿ, ಪೆದ್ದನಾಗಿ, ಸದಾ ನಗುನಗುತ್ತ ಇರುತ್ತಿದ್ದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡರಿಕ್ ಡಗ್ಲಸ್ 1848ರಲ್ಲೇ ಈ ಆಟಗಾರರನ್ನು ತಮ್ಮ ಪತ್ರಿಕೆಯಲ್ಲಿ ಕಟುವಾಗಿ ಬೈದರು. ನಮ್ಮಿಂದ ಮೈಬಣ್ಣ ಕದ್ದು ದುಡ್ಡು ಮಾಡುತ್ತಿದ್ದಾರೆ ಎಂಬುದು ಅವರ ಆರೋಪ. ಮುಂದೆ ಗುಲಾಮಗಿರಿ ಹೋಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ರೈಲಿನ ಡಬ್ಬಿ, ಶಾಲೆ, ನೀರಿನ ನಲ್ಲಿ ಎಲ್ಲವನ್ನೂ ಬಣ್ಣದ ಲೆಕ್ಕದಲ್ಲಿ ಬೇರೆ ಮಾಡಿದ ಕಾನೂನುಗಳಿಗೆ ಜನ ಇಟ್ಟ ಹೆಸರು ಜಿಮ್ ಕ್ರೋ. ವಿದೂಷಕನ ಹೆಸರೇ ಕಾಯಿದೆಯ ಹೆಸರಾಯಿತು. ‘ಬರೀ ತಮಾಷೆ’ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು.

ಈ ಪರಂಪರೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಬರ್ಟ್ ವಿಲಿಯಮ್ಸ್. ಬಹಾಮಾಸ್‌ನಲ್ಲಿ 1874ರಲ್ಲಿ ಹುಟ್ಟಿದ ಕಪ್ಪು ನಟ, ಆದರೆ ಮೈಬಣ್ಣ ತಿಳಿ. ಪ್ರೇಕ್ಷಕರು ಕಪ್ಪು ಮನುಷ್ಯನನ್ನೂ ಮಸಿಯ ಕೆಳಗೇ ನೋಡಲು ಬಯಸುತ್ತಿದ್ದುದರಿಂದ ವಿಲಿಯಮ್ಸ್ ತಮ್ಮ ತಿಳಿಬಣ್ಣದ ಮುಖದ ಮೇಲೆ ಕಪ್ಪು ಬಳಿದುಕೊಂಡರು. ಜೊತೆಗಾರ ಜಾರ್ಜ್ ವಾಕರ್ ಅವರೊಂದಿಗೆ 1903ರಲ್ಲಿ ‘ಇನ್ ದಹೋಮಿ’ ನಾಟಕವನ್ನು ಬ್ರಾಡ್‌ವೇಗೆ ತಂದರು. 1910ರಲ್ಲಿ, ಬಿಳಿಯ ನಟರಷ್ಟೇ ಇದ್ದ ‘ಝೀಗ್‌ಫೆಲ್ಡ್ ಫಾಲಿಸ್’ ತಂಡ ಸೇರಿದರು. ತಾನು ಕಂಡ ಜನರಲ್ಲಿ ಅತ್ಯಂತ ನಗಿಸುವವನೂ ಅತ್ಯಂತ ದುಃಖಿಯೂ ಇವನೇ ಎಂದು ಸಹನಟ ಡಬ್ಲ್ಯೂ.ಸಿ. ಫೀಲ್ಡ್ಸ್ ಹೇಳಿದ್ದುಂಟು. ಮಾತಿಲ್ಲದೆ, ಬರೀ ಕೈಬೆರಳು, ಕಣ್ಣುಗಳಲ್ಲಿ ಇಸ್ಪೀಟಿನ ಆಟವೊಂದನ್ನು ಆಡಿ ತೋರಿಸುತ್ತಿದ್ದ ಅವರ ಮೂಕಾಭಿನಯ ಪಡಿಯಚ್ಚಿಗೆ ಸೇರಿದ್ದಲ್ಲ, ಎಲ್ಲ ಮನುಷ್ಯರಿಗೂ ಸೇರಿದ್ದು. ಆದರೂ ಮಸಿ ಒರೆಸಿಕೊಳ್ಳಲು ಆಗಲಿಲ್ಲ. 1922ರಲ್ಲಿ, ಸಾಯುವ ಕೆಲದಿನಗಳ ಮುಂಚೆ, ಜ್ವರದಲ್ಲೇ ವೇದಿಕೆ ಹತ್ತಿ ಅಲ್ಲೇ ಕುಸಿದರು. ಪ್ರೇಕ್ಷಕರು ಅದನ್ನೂ ಆಟದ ಭಾಗವೆಂದು ನಕ್ಕರು ಎನ್ನುತ್ತಾರೆ. ಈ ಬಗೆಯ ಹಾಸ್ಯ ತನ್ನ ಅತ್ಯುತ್ತಮ ಕಲಾವಿದನಿಗೆ ಮಾಡಿದ್ದೇ ಇದಾದರೆ, ಸಾಧಾರಣ ಕಲಾವಿದರ ಬಗ್ಗೆ ಮಾತಾಡುವುದೇ ಬೇಡ.

ಸೆಲರ್ಸ್ ಕೂಡ ಸಾಧಾರಣರಲ್ಲ. ‘ದ ಪಾರ್ಟಿ’ಯನ್ನು ಇಂದು ಮತ್ತೆ ನೋಡಿದರೆ, ಇಡೀ ಚಿತ್ರದಲ್ಲಿ ಸಭ್ಯನಾದ ಗಂಡಸು ಬಕ್ಷಿಯೊಬ್ಬನೇ. ಒರಟರು, ಕುಡುಕರು, ಹೆಣ್ಣಿನ ಮೇಲೆ ಬೀಳುವವರೆಲ್ಲ ಹಾಲಿವುಡ್‌ನವರು. ಬಕ್ಷಿ ಏನೇ ಮುಟ್ಟಿದರೂ ಮುರಿಯುತ್ತದೆ, ನಿಜ; ಆದರೆ ಅವನ ಎಡವಟ್ಟಿನಲ್ಲಿ ಕೇಡಿಲ್ಲ. ಹೀಗಿದ್ದೂ ಆ ಚಿತ್ರ ಬಿಟ್ಟುಹೋದದ್ದು ಬಕ್ಷಿಯ ಸಭ್ಯತೆಯನ್ನಲ್ಲ, ಅವನ ಉಚ್ಚಾರವನ್ನು. ಅದಕ್ಕೂ ಮುಂಚೆ 1960ರಲ್ಲಿ ‘ದ ಮಿಲಿಯನೇರೆಸ್’ ಚಿತ್ರದಲ್ಲಿ ಸೋಫಿಯಾ ಲೊರೆನ್ ಜೊತೆ ಭಾರತೀಯ ವೈದ್ಯನಾಗಿ ಅದೇ ಉಚ್ಚಾರವನ್ನು ಬಳಸಿ, ‘ಗುಡ್‌ನೆಸ್ ಗ್ರೇಷಸ್ ಮಿ’ ಎಂಬ ಹಾಡನ್ನೂ ಹಿಟ್ ಮಾಡಿದ್ದರು. ಆ ಉಚ್ಚಾರ ಇಂಗ್ಲೆಂಡಿನ ಶಾಲೆಗಳ ಮೈದಾನ ಸೇರಿತು. ಅಲ್ಲಿಂದ ಅದನ್ನು ಯಾರಿಂದಲೂ ಓಡಿಸಲಾಗಲಿಲ್ಲ.

ಇಂಗ್ಲೆಂಡಿನ ಟೀವಿಯಂತೂ ಈ ಹಾಸ್ಯದ ಅಕ್ಷಯಪಾತ್ರೆಯಾಗಿತ್ತು. ಬಿಬಿಸಿಯ ‘ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ’ 1958ರಿಂದ 1978ರವರೆಗೆ ನಡೆಯಿತು. ಅದನ್ನು ನಿಲ್ಲಿಸಿ ಎಂದು 1967ರಲ್ಲೇ ವರ್ಣಭೇದ ವಿರೋಧಿ ಸಂಘಟನೆಯೊಂದು ಮನವಿ ಕೊಟ್ಟಿತ್ತು. ಅದಾದ ಮೇಲೂ ಹನ್ನೊಂದು ವರ್ಷ ಓಡಿತು. ‘ಇಟ್ ಎಯಿಂಟ್ ಹಾಫ್ ಹಾಟ್ ಮಮ್’ ಸರಣಿಯಲ್ಲಿ ರಂಗಿ ರಾಮ್ ಎಂಬ ಭಾರತೀಯ ಬೇರರ್‌ನ ಪಾತ್ರ ಮಾಡಿದವರು ಬಿಳಿಯ ನಟ ಮೈಕೆಲ್ ಬೇಟ್ಸ್. ಝಾನ್ಸಿಯಲ್ಲಿ ಹುಟ್ಟಿದವರು, ಉರ್ದು ಚೆನ್ನಾಗಿ ಬರುತ್ತಿತ್ತು. ಭಾಷೆ ಬಲ್ಲವನು, ದೇಶ ಬಲ್ಲವನು ಎಂಬುದು ಅವರ ಪರವಾದ ವಾದ. ಅದೇ ಸರಣಿಯಲ್ಲಿ ಢಾಕಾದಲ್ಲಿ ಹುಟ್ಟಿದ ದೀನೋ ಶಫೀಕ್‌ಗೆ ಸಿಕ್ಕಿದ್ದು ಚಹಾ ಹೊತ್ತು ತಿರುಗುವವನ ಪಾತ್ರ.

ಇನ್ನು ‘ಮೈಂಡ್ ಯುವರ್ ಲ್ಯಾಂಗ್ವೇಜ್’. 1977ರಲ್ಲಿ ಶುರುವಾದ ಈ ಸರಣಿಯಲ್ಲಿ ಇಂಗ್ಲಿಷ್ ಕಲಿಯಲು ಬಂದ ಸಿಖ್ಖ, ಪಾಕಿಸ್ತಾನಿ, ಇಟಲಿಯವ, ಜಪಾನಿ, ಚೀನೀ ಹೆಂಗಸು, ಎಲ್ಲರೂ ತಂತಮ್ಮ ದೇಶದ ಅಚ್ಚಿನಿಂದ ಎರಕ ಹೊಯ್ದು ಬಂದವರು. ಇಂಗ್ಲೆಂಡಿನಲ್ಲಿ ಅದರ ಮೇಲೆ ತಕರಾರು ಎದ್ದಿತು. ಭಾರತದಲ್ಲಿ ಅದಕ್ಕೆ ಮನೆಮನೆಯ ಪ್ರೀತಿ. 1993ರಲ್ಲಿ ಪಂಕಜ್ ಕಪೂರ್ ಮೇಷ್ಟ್ರಾಗಿ ‘ಜಬಾನ್ ಸಂಭಾಲ್ ಕೆ’ ಎಂಬ ಹಿಂದಿ ರೂಪವೂ ಬಂತು. ನಮಗೆ ಯಾಕೆ ನೋವಾಗಲಿಲ್ಲ? ದಪ್ಪ ಚರ್ಮ ಎಂದಲ್ಲ. ಬೆಂಗಳೂರಿನ ಮನೆಯಲ್ಲಿ ಕೂತು ಆ ಸರಣಿಯ ಸಿಖ್ಖ ರಂಜೀತ್ ಸಿಂಗನನ್ನು ನೋಡುವವನಿಗೆ ಸಿಖ್ಖರೆಂದರೆ ಮಿಲ್ಖಾ ಸಿಂಗ್, ಬಿಷನ್ ಸಿಂಗ್ ಬೇಡಿ, ಖುಷ್ವಂತ್ ಸಿಂಗ್, ಪಕ್ಕದ ಗಲ್ಲಿಯ ಲಾರಿ ಮಾಲೀಕ, ಎಲ್ಲರೂ ಹೌದು. ಹತ್ತು ಮುಖಗಳಲ್ಲಿ ಇದೊಂದು ನಗೆಮುಖ. ಲಂಡನ್ನಿನ ಸೌತಾಲ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಸಿಖ್ ಹುಡುಗನಿಗೆ ಸಹಪಾಠಿಗಳ ಟೀವಿಯಲ್ಲಿ ಇದ್ದದ್ದು ಆ ಒಂದೇ ಮುಖ. ಬೆಲೆ ತೆತ್ತವನು ಅವನು, ನಕ್ಕವರು ನಾವು. ಒಂದೇ ಜೋಕು ಇಲ್ಲಿ ನಿರಪಾಯ, ಅಲ್ಲಿ ಅವಮಾನ ಆಗುವುದು ಹೀಗೆ.

ಅಮೆರಿಕದಲ್ಲಿ ಅದೇ ಬೆಲೆ ತೆತ್ತವರು ಅಪುವಿನ ಕಾಲದ ಮಕ್ಕಳು. ‘ದ ಸಿಂಪ್ಸನ್ಸ್’ ಕಾರ್ಟೂನಿನಲ್ಲಿ 1990ರಿಂದ ಕಾಣಿಸಿಕೊಂಡ ಅಂಗಡಿಕಾರ ಅಪು ನಹಸಪೀಮಪೆಟಿಲನ್‌ಗೆ ಹೆಸರು ಬಂದದ್ದು ಸತ್ಯಜಿತ್ ರಾಯ್ ಅವರ ಅಪುವಿನಿಂದ. ದನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಆ ದನಿಗೆ ಮಾದರಿ ಸೆಲರ್ಸ್ ಅವರ ಬಕ್ಷಿ ಎಂದು ಅಜಾರಿಯಾ ಅವರೇ ಹೇಳಿದ್ದಾರೆ. ವಂಶಾವಳಿ ಇಷ್ಟು ನಿಚ್ಚಳ. ಅಪು ಜಾಣ, ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು, ಸರಣಿಯ ಎಷ್ಟೋ ಪಾತ್ರಗಳಿಗಿಂತ ಒಳ್ಳೆಯವನು. ಆದರೆ ವರ್ಷಗಟ್ಟಲೆ ಅಮೆರಿಕದ ಟೀವಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಭಾರತೀಯ ಎಂದರೆ ಅವನೊಬ್ಬನೇ. ನ್ಯೂಜೆರ್ಸಿಯಲ್ಲೋ ಹ್ಯೂಸ್ಟನ್ನಿನಲ್ಲೋ ಮನೆಯಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದ ಮಗು ಶಾಲೆಗೆ ಹೋದರೆ ಅದಕ್ಕೂ ಅಪುವಿನ ‘ಥ್ಯಾಂಕ್ ಯೂ, ಕಮ್ ಅಗೇನ್’ ತಪ್ಪುತ್ತಿರಲಿಲ್ಲ. ಅಪ್ಪ ಎಂಜಿನಿಯರೋ, ವೈದ್ಯನೋ, ಅಂಗಡಿ ಇಟ್ಟವನೋ, ಯಾರಿಗೆ ಬೇಕು. 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು ‘ದ ಪ್ರಾಬ್ಲಮ್ ವಿತ್ ಅಪು’ ಸಾಕ್ಷ್ಯಚಿತ್ರ ಮಾಡಿದಾಗ ಅವರು ತಾವು ಈ ಕಾರ್ಟೂನಿನ ಅಭಿಮಾನಿ ಎಂದೇ ಮಾತು ಶುರುಮಾಡಿದ್ದು ಗಮನಿಸಬೇಕಾದ ಸಂಗತಿ. 2020ರಲ್ಲಿ ಅಜಾರಿಯಾ ಆ ದನಿ ಬಿಟ್ಟರು. ಬಿಟ್ಟದ್ದು ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಮಿಂಡಿ ಕೇಲಿಂಗ್, ಅಜೀಜ್ ಅನ್ಸಾರಿ ತಂತಮ್ಮ ಸರಣಿಗಳನ್ನು ಬರೆದು ನಟಿಸಿ ಆಗಿತ್ತು. ಅಪುವಿನ ಏಕಚಕ್ರಾಧಿಪತ್ಯ ಮುರಿದದ್ದು ಅವರಿಂದ, ಕ್ಷಮೆಯಾಚನೆಯಿಂದಲ್ಲ.

‘ನಾವು ಗೇಲಿ ಮಾಡುತ್ತಿರುವುದು ಆ ಜನರನ್ನಲ್ಲ, ಅವರನ್ನು ಹೀಗಳೆಯುವ ಮೂರ್ಖನನ್ನು’ ಎಂಬ ಇನ್ನೊಂದು ವಾದವಿದೆ. ಬಿಬಿಸಿಯ ಹಾಸ್ಯ ಸರಣಿಯೊಂದರ ಆಲ್ಫ್ ಗಾರ್ನೆಟ್, ಅವನ ಅಮೆರಿಕನ್ ತಮ್ಮ ‘ಆಲ್ ಇನ್ ದ ಫ್ಯಾಮಿಲಿ’ಯ ಆರ್ಚಿ ಬಂಕರ್ ಇಬ್ಬರನ್ನೂ ಸೃಷ್ಟಿಸಿದ್ದು ಇದೇ ಉದ್ದೇಶದಿಂದ. 1974ರಲ್ಲಿ ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ನೋಡುಗರನ್ನು ಅಧ್ಯಯನ ಮಾಡಿದಾಗ ಕಂಡದ್ದು ಬೇರೆ: ಪೂರ್ವಗ್ರಹ ಹೆಚ್ಚಿದ್ದವರಿಗೆ ಆರ್ಚಿ ಮೂರ್ಖನಾಗಿ ಕಾಣಲಿಲ್ಲ, ಎದೆಗಾರನಾಗಿ ಕಂಡ. ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಅವರ ಸಂಶೋಧನೆಯೂ ಇದರ ಹತ್ತಿರಕ್ಕೇ ಬರುತ್ತದೆ. ಹೀಗಳೆಯುವ ಜೋಕು ಹೊಸದಾಗಿ ದ್ವೇಷವನ್ನು ಹುಟ್ಟಿಸುವುದಿಲ್ಲ. ಮೊದಲೇ ಇದ್ದ ದ್ವೇಷಕ್ಕೆ ಇಲ್ಲಿ ಬಾಯಿಬಿಡಬಹುದು ಎಂಬ ಧೈರ್ಯ ಕೊಡುತ್ತದೆ. ಇದನ್ನು ಪುಸ್ತಕವಿಲ್ಲದೆಯೇ ಕಲಿತವರು ಡೇವ್ ಚಾಪೆಲ್. ತಮ್ಮದೇ ಜನರ ಪಡಿಯಚ್ಚುಗಳನ್ನು ಅಣಕಿಸಿ ಪ್ರಸಿದ್ಧರಾದ ಆ ಕಪ್ಪು ಹಾಸ್ಯಗಾರ, ಚಿತ್ರೀಕರಣದಲ್ಲಿ ಬಿಳಿಯನೊಬ್ಬ ನಕ್ಕ ರೀತಿ ಸರಿಬರದೆ, 2005ರಲ್ಲಿ ಕೋಟಿಗಟ್ಟಲೆ ಡಾಲರಿನ ಒಪ್ಪಂದವನ್ನು ಬಿಟ್ಟು ಎದ್ದುಹೋದರು. ಹೇಳುವವನು ಒಳಗಿನವನು ಎಂದ ಮಾತ್ರಕ್ಕೆ ಜೋಕು ಶುದ್ಧವಾಗುವುದಿಲ್ಲ.

ಹಾಗಂತ ಜನಾಂಗದ ಸುದ್ದಿಯನ್ನೇ ಎತ್ತದ ಸಪ್ಪೆ ಹಾಸ್ಯವೇ ಗತಿ ಎನ್ನುವವರ ಜೊತೆ ನಾನಿಲ್ಲ. ಬ್ರಿಟನ್ನಿನ ಭಾರತೀಯ ಮೂಲದ ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್ ಮತ್ತು ಗೆಳೆಯರು ಸೆಲರ್ಸ್ ಹಾಡಿನ ಹೆಸರನ್ನೇ ಕಿತ್ತುಕೊಂಡು 1998ರಲ್ಲಿ ‘ಗುಡ್‌ನೆಸ್ ಗ್ರೇಷಸ್ ಮಿ’ ಟೀವಿ ಸರಣಿ ಮಾಡಿದರು. ಅದರ ಹೆಸರಾಂತ ತುಣುಕಿನಲ್ಲಿ ಕುಡಿದು ಬಂದ ಭಾರತೀಯರ ಗುಂಪು ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಮಾಣಿಯ ಹೆಸರನ್ನು ತಿರುಚಿ, ಇರುವುದರಲ್ಲೇ ಅತಿ ಸಪ್ಪೆ ಪದಾರ್ಥ ತಾ ಎಂದು ಪಂಥ ಕಟ್ಟುತ್ತದೆ. ಶುಕ್ರವಾರ ರಾತ್ರಿ ಕರಿ ಹೋಟೆಲುಗಳಲ್ಲಿ ಇಂಗ್ಲಿಷರು ಆಡುವ ಆಟದ ತದ್ವತ್ ಪ್ರತಿ. ಅದೇ ಸರಣಿ ಮಗನ ಸಂಬಳ ಕೊಚ್ಚಿಕೊಳ್ಳುವ ಅಮ್ಮಂದಿರನ್ನೂ, ಎಲ್ಲವೂ ಭಾರತದಿಂದಲೇ ಬಂದದ್ದು ಎಂದು ವಾದಿಸುವ ಅಪ್ಪನನ್ನೂ ಬಿಡಲಿಲ್ಲ. ಆ ಅಪ್ಪನನ್ನು ನಾವೆಲ್ಲ ಬಲ್ಲೆವು. ಮೊಬೈಲಿನ ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಸಿಗುತ್ತಾನೆ. ಆ ಸರಣಿಯಲ್ಲೂ ಅಚ್ಚುಗಳಿವೆ, ಆದರೆ ಒಂದೊಂದು ಅಚ್ಚಿನ ಪಕ್ಕದಲ್ಲಿ ಅದನ್ನು ಒಡೆಯುವ ನಾಲ್ಕು ಮುಖಗಳಿವೆ.

ಬೇರೆ ವೇಷ ಇದೆಯೇ ಎಂಬ ಪ್ರಶ್ನೆಯನ್ನು ಮನೆಗೆ ತಂದರೆ ಮಾತು ಕಷ್ಟವಾಗುತ್ತದೆ. ‘ಪಡೋಸನ್’ನಲ್ಲಿ ನಿಜವಾಗಿ ಸಂಗೀತ ಬಲ್ಲವನು ಪಿಳ್ಳೈ. ಗೆಲ್ಲುವವನು ತೆರೆಮರೆಯ ದನಿಗೆ ಬಾಯಿ ಆಡಿಸುವ ನಾಯಕ ಭೋಲಾ. ವಿದ್ಯೆ ಸೋತು ಮೋಸ ಗೆದ್ದದ್ದಕ್ಕೆ ನಾವು ಚಪ್ಪಾಳೆ ತಟ್ಟಿದ್ದು ಸೋತವನ ಜುಟ್ಟು ಮತ್ತು ಹಿಂದಿಯ ಉಚ್ಚಾರದ ಪುಣ್ಯದಿಂದ. ನಮ್ಮ ಕನ್ನಡ ಚಿತ್ರಗಳು ಇದೇ ಪಾಠವನ್ನು ಚೆನ್ನಾಗಿ ಕಲಿತವು. ಬಡ್ಡಿಗೆ ಸೇಟು, ಟೀ ಅಂಗಡಿಗೆ ಮಲೆಯಾಳಿ, ಗೇಟಿಗೆ ಗೂರ್ಖ. ಹೊರಗಿನವರು ಹಾಗಿರಲಿ, ಧಾರವಾಡ, ಕಲಬುರಗಿ, ಮಂಗಳೂರಿನ ಕನ್ನಡವೂ ಬಹುಕಾಲ ನಗಿಸುವ ಪಾತ್ರಕ್ಕೇ ಮೀಸಲು. ನಾಯಕ ಮಾತ್ರ ಮೈಸೂರು ಸೀಮೆಯ ಕನ್ನಡ ಆಡುತ್ತಿದ್ದ. ಗಂಗಾವತಿ ಪ್ರಾಣೇಶ್ ತಮ್ಮ ಭಾಗದ ಮಾತಿನಲ್ಲೇ ಸಭೆಗಟ್ಟಲೆ ಜನರನ್ನು ನಗಿಸುವಾಗ ಆ ನಗುವಿನ ಗುಣ ಬೇರೆ. ಅಲ್ಲಿ ಆ ಕನ್ನಡ ನಗೆಯ ವಸ್ತುವಲ್ಲ, ಲೋಕವನ್ನು ನೋಡಿ ನಗುವ ಕಣ್ಣು.

ಈ ನಗುವಿನ ಬೆಲೆ ಚಿತ್ರಮಂದಿರದ ಹೊರಗೂ ಬೀಳುತ್ತದೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಕೂದಲನ್ನು ಅಂಗಡಿಯವರು ಗೇಲಿ ಮಾಡಿದರು. ಜಗಳವಾಯಿತು, ಹೊಡೆದರು, ಹುಡುಗ ಸತ್ತ. ಈಶಾನ್ಯದವರ ದೂರುಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜಬರುವಾ ಸಮಿತಿ ನೇಮಿಸಿತು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ, ಬೇರೆ ಯಾರೋ ಆಫ್ರಿಕನ್ ಮಾಡಿದ ಅಪಘಾತಕ್ಕಾಗಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಸಿನಿಮಾದ ಜೋಕೇ ಕೈಯೆತ್ತಿ ಹೊಡೆಯಿತು ಎಂದು ಹೇಳಿದರೆ ಉತ್ಪ್ರೇಕ್ಷೆ. ಆದರೆ ಒಬ್ಬ ಆಫ್ರಿಕನ್ನನಿಗೂ ಇನ್ನೊಬ್ಬ ಆಫ್ರಿಕನ್ನನಿಗೂ ವ್ಯತ್ಯಾಸ ಕಾಣದ ಕಣ್ಣು ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಅದನ್ನು ತಯಾರು ಮಾಡುವಲ್ಲಿ ನಗುವಿಗೂ ಪಾಲಿದೆ.

ಆದ್ದರಿಂದ ಜನಾಂಗದ ಪಡಿಯಚ್ಚಿನ ಹಾಸ್ಯ ನಿರಪಾಯವೂ ಅಲ್ಲ, ಪ್ರತಿ ಸಲ ಅಪರಾಧವೂ ಅಲ್ಲ. ಒಂದು ಜನಕ್ಕೆ ಅದೊಂದೇ ಬಾಗಿಲು ತೆರೆದಿಟ್ಟು ಮಿಕ್ಕದ್ದನ್ನೆಲ್ಲ ಮುಚ್ಚಿದಾಗ ಅದು ಅಪಚಾರ. ಮಿನ್‌ಸ್ಟ್ರೆಲ್ ಆಟದಿಂದ ಅಪುವಿನವರೆಗಿನ ಪರಂಪರೆ ಬಹುಪಾಲು ಮಾಡಿದ್ದು ಅದನ್ನೇ. ನಮ್ಮ ಚಿತ್ರಕಥೆಗಾರರಿಗೆ, ಟೀವಿಯ ಕಾಮಿಡಿ ಬರೆಯುವವರಿಗೆ ನನ್ನ ಕೋರಿಕೆ ಇಷ್ಟೇ. ಬೆಂಗಳೂರನ್ನು ಇವತ್ತು ಕಟ್ಟುತ್ತಿರುವ ಬಿಹಾರದ ಗಾರೆ ಕೆಲಸದವನು, ಕಾಯುತ್ತಿರುವ ಅಸ್ಸಾಮಿನ ಸೆಕ್ಯೂರಿಟಿ, ಆಸ್ಪತ್ರೆಗಳನ್ನು ನಡೆಸುತ್ತಿರುವ ಕೇರಳದ ನರ್ಸ್, ಇವರಲ್ಲಿ ಒಬ್ಬರಿಗಾದರೂ ಒಂದು ಹೆಸರು, ಒಂದು ಊರು, ಒಂದು ಮುಖ್ಯ ಪಾತ್ರ ಕೊಡಿ. ಆಮೇಲೆ ಅವರ ಮೇಲೆ ಎಷ್ಟು ಬೇಕಾದರೂ ಜೋಕು ಮಾಡಿ. ಅವರೂ ನಿಮ್ಮ ಮೇಲೆ ಮಾಡಲಿ.