ನೆಲದ ಪದಗಳು ಮತ್ತು ನಮ್ಮ ಕಥೆಗಳು

ಇತ್ತೀಚಿನ ಕನ್ನಡ ಕಥೆಗಳಲ್ಲಿ ನಿಸರ್ಗ ವರ್ಣನೆಗೆ ಕೊರತೆಯೇನಿಲ್ಲ. ಬೆಟ್ಟವಿದೆ, ಕಾಡಿದೆ, ನದಿಯಿದೆ. ಮಳೆಯಂತೂ ಧಾರಾಳವಾಗಿ ಸುರಿಯುತ್ತದೆ. ಆದರೆ ಆ ಬೆಟ್ಟ ಯಾವ ಸೀಮೆಯದು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಉಡುಪಿಯ ಕಥೆಯ ನೆಲವನ್ನು ತುಮಕೂರಿನ ಕಥೆಗೆ ಒಯ್ದರೂ ವ್ಯತ್ಯಾಸ ತಿಳಿಯದು. ಇದು ಬರೀ ಶೈಲಿಯ ದೋಷವೆಂದು ನಮಗನಿಸುವುದಿಲ್ಲ.

ನಮ್ಮ ಹಿರಿಯರು ನೆಲವನ್ನು ಇಷ್ಟು ಸ್ಥೂಲವಾಗಿ ಕಂಡವರಲ್ಲ. ಮಲೆನಾಡಿನ ದಟ್ಟ ಹಸಿರು ಕಾಡಿಗೆ ‘ಕಾನು’ ಎಂದರು. ಹೊಳೆಯ ಆಳದ ಗುಂಡಿ ‘ಮಡು’, ಬಂಡೆಯ ಮೇಲೆ ನೀರು ನಿಲ್ಲುವ ತಗ್ಗು ‘ದೊಣೆ’, ಧುಮುಕುವ ನೀರು ‘ಅಬ್ಬಿ’, ಹೊಳೆಯ ನಡುವಿನ ದ್ವೀಪ ‘ಕುದ್ರು’, ಹೊಳೆ ಕಡಲು ಸೇರುವ ಜಾಗ ‘ಅಳಿವೆ’. ಒನಕೆ ಅಬ್ಬಿ, ಉಪ್ಪಿನಕುದ್ರು ಎಂಬ ಹೆಸರುಗಳಲ್ಲಿ ಈ ಪದಗಳು ಉಳಿದಿವೆ. ಹೆಸರನ್ನು ಉಚ್ಚರಿಸುವ ಎಷ್ಟೋ ಜನರಿಗೆ ಅರ್ಥ ಮಾತ್ರ ಉಳಿದಿಲ್ಲ.

ತುಳುನಾಡಿನ ಗದ್ದೆಗಳನ್ನೇ ನೋಡಿ. ತಗ್ಗಿನಲ್ಲಿ ಸದಾ ನೀರಿರುವುದು ‘ಬೈಲು’, ಅದಕ್ಕಿಂತ ಮೇಲಿನದು ‘ಮಜಲು’, ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಎತ್ತರದ್ದು ‘ಬೆಟ್ಟು’. ಘಟ್ಟದ ಮೇಲಿನ ಓದುಗ ಬೆಟ್ಟು ಎಂದರೆ ಬೆಟ್ಟ, ಬೈಲು ಎಂದರೆ ಬಟಾಬಯಲು ಎಂದುಕೊಂಡಾನು. ಆದರೆ ಬೆಟ್ಟು ಗದ್ದೆಯ ಒಕ್ಕಲು ಎಂದೊಡನೆ ಆ ಮನೆಯ ವರ್ಷದ ಅಕ್ಕಿಯ ಲೆಕ್ಕವೇ ತಿಳಿಯುತ್ತದೆ. ಒಂದು ಪುಟದ ವಿವರಣೆ ಮಾಡುವ ಕೆಲಸವನ್ನು ಒಂದು ಪದ ಮಾಡುತ್ತದೆ.

ಕುವೆಂಪು ಇದನ್ನು ಚೆನ್ನಾಗಿ ಬಲ್ಲವರು. ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳ ಶೀರ್ಷಿಕೆಯಲ್ಲೇ ಕಾನು, ಮಲೆಗಳಿವೆ. ಅಲ್ಲಿ ಕಾಡು ಹಿನ್ನೆಲೆಯ ಪರದೆಯಲ್ಲ. ಜನ ಹತ್ತಿ ಇಳಿದು ದಣಿಯುವ ಜಾಗ.

ಪದ ಹೋದರೆ ನಷ್ಟವೇನು ಎಂಬ ಪ್ರಶ್ನೆಗೆ ಕಂದಾಯ ಇಲಾಖೆಯ ಕಡತ ಉತ್ತರ ಕೊಡುತ್ತದೆ. ಉರ್ದು ಬಲ್ಲವರಿಗೆ ‘ಖರಾಬ್’ ಎಂದರೆ ಕೆಟ್ಟದ್ದು, ಹಾಳಾದದ್ದು. ಅದೇ ಪದ ನಮ್ಮ ಪಹಣಿಯಲ್ಲಿದೆ. 1966ರ ಭೂಕಂದಾಯ ನಿಯಮಗಳಂತೆ ಸಾಗುವಳಿಗೆ ಒಗ್ಗದ ನೆಲ ‘ಎ ಖರಾಬು’. ರಸ್ತೆ, ಕಾಲುದಾರಿ, ಕೆರೆ, ಹಳ್ಳ, ಸ್ಮಶಾನ, ಖಬರಸ್ತಾನ, ಕುಂಬಾರಿಕೆಗೆ ಬಿಟ್ಟ ಜಾಗ ಇವೆಲ್ಲ ‘ಬಿ ಖರಾಬು’. ಕಂದಾಯವಿಲ್ಲದ ನೆಲವೆಂಬುದಷ್ಟೇ ಇದರ ಅರ್ಥ. ಆದರೂ ಊರಿನ ಹಿರಿಯರು ಮಲಗಿರುವ ಮಣ್ಣು ಕಾಗದದ ಮೇಲೆ ಖರಾಬಾಯಿತು! ಕರಾವಳಿಯ ‘ಪದವು’ ಎಂದರೆ ಕೆಂಪುಕಲ್ಲಿನ ಸಮತಟ್ಟಾದ ಎತ್ತರದ ಬಯಲು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಹುಲ್ಲು ಬೆಳೆಯುತ್ತದೆ, ದನ ಮೇಯುತ್ತವೆ. ಮಂಗಳೂರಿನ ಪದವಿನಂಗಡಿಯ ಹೆಸರಿನಲ್ಲಿ ಇರುವುದೂ ಅದೇ. ಪದವು ಎಂಬ ಮಾತನ್ನು ಮರೆತವನ ಕಣ್ಣಿಗೆ ಅದು ಪಾಳುಭೂಮಿ. ಪಾಳುಭೂಮಿಯಲ್ಲಿ ಕಲ್ಲಿನ ಕೋರೆ ತೆಗೆಯಲು ಯಾರಿಗೂ ಸಂಕೋಚವಿಲ್ಲ.

ಇದು ಶುದ್ಧ ಕನ್ನಡದ ವಾದವಲ್ಲ. ಮೈದಾನ, ಖುಷ್ಕಿ, ಬಾಗಾಯ್ತು ಎಲ್ಲವೂ ಪಾರಸಿಯ ಬಾಗಿಲಿನಿಂದ ಬಂದು ನಮ್ಮ ರೈತರ ನಾಲಿಗೆಯಲ್ಲಿ ನೆಲೆಸಿದವು. ಪದ ಎಲ್ಲಿಂದ ಬಂತೆಂಬುದಕ್ಕಿಂತ ಅದು ನೆಲವನ್ನು ಕಾಣಿಸುತ್ತದೆಯೋ ಮರೆಮಾಡುತ್ತದೆಯೋ ಎಂಬುದು ಮುಖ್ಯ.

ಅಪರಿಚಿತ ಪದಗಳಿಂದ ಓದುಗ ದೂರವಾಗುತ್ತಾನೆ ಎಂಬ ಆಕ್ಷೇಪವಿದೆ. ಪವಿತ್ರ ಕುರ್‌ಆನಿನ 46ನೇ ಅಧ್ಯಾಯದ ಹೆಸರು ‘ಅಲ್ ಅಹ್ಕಾಫ್’. ಬಾಗಿ ಬಳುಕಿದ ಮರಳ ದಿಬ್ಬಗಳು ಎಂದು ಅದರ ಅರ್ಥ. ಆದ್ ಜನಾಂಗ ಬಾಳಿ ಅಳಿದ ನೆಲ ಅದು. 90ನೇ ಅಧ್ಯಾಯದಲ್ಲಿ ‘ಅಕಬಾ’ ಎಂಬ ಪದ ಬರುತ್ತದೆ. ಅದು ಬೆಟ್ಟದ ಕಡಿದಾದ ದಾರಿ, ನಮ್ಮ ಮಾತಿನಲ್ಲಿ ಘಟ್ಟ. ಗುಲಾಮನ ಬಿಡುಗಡೆ, ಹಸಿದ ಅನಾಥನಿಗೆ ಅನ್ನ ಇವನ್ನು ಆ ಕಷ್ಟದ ಏರಿಗೆ ಹೋಲಿಸಲಾಗಿದೆ. ವ್ಯಾಖ್ಯಾನಕಾರರು ಈ ಪದಗಳನ್ನು ಶತಮಾನಗಳಿಂದ ವಿವರಿಸುತ್ತಲೇ ಬಂದಿದ್ದಾರೆ. ಘಟ್ಟ ಹತ್ತಿ ಉಸಿರು ಕಟ್ಟಿದವನಿಗೆ ಆ ಉಪಮೆ ಬೇಗ ದಕ್ಕುತ್ತದೆ.

ಕಥೆಗಾರ ಅಡಿಟಿಪ್ಪಣಿ ಬರೆಯಬೇಕಾಗಿಲ್ಲ. ಪಾತ್ರ ಮಡುವಿನಲ್ಲಿ ಈಜಲಿ, ಪದವಿನಲ್ಲಿ ದನ ಹುಡುಕಲಿ. ಅರ್ಥ ತಾನೇ ತಿಳಿಯುತ್ತದೆ. ನಾಳೆ ಆ ಪದವಿನಲ್ಲಿ ಕೋರೆ ಎದ್ದಾಗ, ಇಲ್ಲಿ ಏನಿತ್ತು ಎಂದು ಕೇಳುವವರಿಗೆ ಪಹಣಿ ‘ಖರಾಬು’ ಎಂದಷ್ಟೇ ಹೇಳುತ್ತದೆ. ಬೇರೆ ಸಾಕ್ಷಿ ಹೇಳಲು ನಮ್ಮ ಕಥೆಗಳಾದರೂ ಇರಬೇಕು.